ಐಆರ್‌ಎಫ್ 510 ಪವರ್ ಆಂಪ್ಲಿಫಯರ್: ಮಾತಾಡದಿದ್ದರೂ ಕರೆಂಟ್ ಏರುತ್ತಿದೆ, ಎರಡು ಸುಟ್ಟವು

ಡೊಂಬಿವಲಿ_ರೇಡಿಯೊ:
ನಮಸ್ಕಾರ. ಹ್ಯಾಮ್ ರೇಡಿಯೊದ 7 ಮೆಗಾಹರ್ಟ್ಸ್‌ನಲ್ಲಿ ಎಸ್‌ಎಸ್‌ಬಿ (ದನಿ ಕಳಿಸುವ ಒಂದು ವಿಧಾನ) ಮಾತಾಡಲು 5 ವಾಟ್‌ನ ಆಂಪ್ಲಿಫಯರ್ ಕಟ್ಟುತ್ತಿದ್ದೇನೆ. ಸಪ್ಲೈ 12 ವೋಲ್ಟ್. ಮುಂಬೈನ ಲ್ಯಾಮಿಂಗ್ಟನ್ ರೋಡಿನಿಂದ ಮೂರು ಐಆರ್‌ಎಫ್ 510 ಮಾಸ್‌ಫೆಟ್ (ಒಂದು ಬಗೆಯ ಪವರ್ ಟ್ರಾನ್ಸಿಸ್ಟರ್) ತಂದಿದ್ದೆ, ಉಳಿದಿರುವುದು ಒಂದೇ. ಬಯಾಸ್ (ಗೇಟ್ ಕಾಲಿಗೆ ಸದಾ ಕೊಡುವ ವೋಲ್ಟೇಜ್) ಟ್ರಿಮ್ಮರ್ ತಿರುಗಿಸಿ ಕರೆಂಟನ್ನು 60 ಮಿಲಿಆಂಪ್‌ಗೆ ತರುತ್ತೇನೆ. ಸ್ವಲ್ಪ ಹೊತ್ತಿಗೇ ಮೀಟರ್ ಏರಿಬಿಡುತ್ತದೆ. ಮೈಕ್ ಮುಟ್ಟಿಯೇ ಇಲ್ಲ. ಹೀಟ್‌ಸಿಂಕ್ ಚಿಕ್ಕದಾಯಿತಾ?

ಮಾಟುಂಗಾ_ತರಂಗ:
ಮೊದಲು ಆ ಕೊನೆಯದನ್ನು ಉಳಿಸಿಕೊಳ್ಳೋಣ. ಸಪ್ಲೈ ತಂತಿಯಲ್ಲಿ ಬೈಕಿನ 12 ವೋಲ್ಟ್, 10 ವಾಟ್ ಇಂಡಿಕೇಟರ್ ಬಲ್ಬ್ ಸೇರಿಸಿ. ಎಡವಟ್ಟಾದರೆ ಬಲ್ಬ್ ಉರಿಯುತ್ತದೆ, ಮಾಸ್‌ಫೆಟ್ ಬದುಕುತ್ತದೆ. ಆಂಟೆನಾ ಬಿಚ್ಚಿಡಿ. 200 ಓಮ್, 2 ವಾಟ್‌ನ ನಾಲ್ಕು ರೆಸಿಸ್ಟರ್‌ಗಳನ್ನು ಪ್ಯಾರಲಲ್ ಹಾಕಿದರೆ ಆಂಟೆನಾ ಬದಲು ಪವರ್ ಹೀರುವ 50 ಓಮ್ ಡಮ್ಮಿ ಲೋಡ್ ಸಿದ್ಧ. ತಂತಿ ಸುತ್ತಿದ ರೆಸಿಸ್ಟರ್ ಮಾತ್ರ ಬೇಡ, ಅದು ಕಾಯಿಲ್‌ನಂತೆ ವರ್ತಿಸುತ್ತದೆ.

ಈಗ ಒಂದು ವಿಷಯ ನೋಡಿ ಹೇಳಿ. ಕರೆಂಟ್ ಮೆಲ್ಲಗೆ ಏರುತ್ತದಾ, ಅಥವಾ ಒಮ್ಮೆಲೇ ಜಿಗಿಯುತ್ತದಾ? ಮೆಲ್ಲಗೆ ಏರಿದರೆ ಬಿಸಿಯ ತೊಂದರೆ. ಮಾಸ್‌ಫೆಟ್ ಬಿಸಿಯಾದಂತೆ ಅದು ತೆರೆಯಲು ಬೇಕಾದ ಗೇಟ್ ವೋಲ್ಟೇಜ್ ಇಳಿಯುತ್ತದೆ. ಬಯಾಸ್ ಅಷ್ಟೇ ಇದ್ದರೂ ಕರೆಂಟ್ ಏರುತ್ತದೆ, ಇನ್ನೂ ಬಿಸಿಯಾಗುತ್ತದೆ. ಜಿಗಿದರೆ ಅದು ಆಂಪ್ಲಿಫಯರ್ ಆಗಿ ಉಳಿದಿಲ್ಲ, ತಾನೇ ಸಿಗ್ನಲ್ ಹುಟ್ಟಿಸುವ ಆಸಿಲೇಟರ್ ಆಗಿದೆ.

ಡೊಂಬಿವಲಿ_ರೇಡಿಯೊ:
ಜಿಗಿಯುತ್ತದೆ ಸರ್! 60ರಿಂದ ನೇರ 700. ಬಲ್ಬ್ ಹೊತ್ತಿಕೊಂಡಿತು. ಪಕ್ಕದ ಎಫ್‌ಎಂ ರೇಡಿಯೊ ಕೂಡ ಗೊರಗೊರ ಅಂತು. ಬಯಾಸ್ ತೆಗೆದೇ ಬಿಡಲಾ?

ಮಾಟುಂಗಾ_ತರಂಗ:
ಬೇಡ. ಐಆರ್‌ಎಫ್ 510ರ ಗೇಟ್ 2ರಿಂದ 4 ವೋಲ್ಟ್ ದಾಟುವವರೆಗೆ ತೆರೆಯುವುದಿಲ್ಲ. ಬಯಾಸ್ ಇಲ್ಲದಿದ್ದರೆ ದನಿಯ ಸಣ್ಣ ಅಲೆಗಳೆಲ್ಲ ಕತ್ತರಿಸಿಹೋಗುತ್ತವೆ. ಮೋರ್ಸ್‌ಗೆ ನಡೆಯುತ್ತದೆ, ಎಸ್‌ಎಸ್‌ಬಿಗೆ ಮಾತು ಒಡೆಯುತ್ತದೆ. ಮಾಸ್‌ಫೆಟ್‌ನ ಕಾಲಿಗೆ ಎಷ್ಟು ಉದ್ದದ ತಂತಿ ಹಾಕಿದ್ದೀರಿ?

ಡೊಂಬಿವಲಿ_ರೇಡಿಯೊ:
ಮೂರು ಕಾಲಿಗೂ ಸುಮಾರು 10 ಸೆಂಟಿಮೀಟರ್. ಹೀಟ್‌ಸಿಂಕ್ ಡಬ್ಬಿಯ ಹೊರಗಿದೆ. ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಹಾಕಿಲ್ಲ.

ಮಾಟುಂಗಾ_ತರಂಗ:
ಸಿಕ್ಕಿತು ನೋಡಿ. 10 ಸೆಂಟಿಮೀಟರ್ ತಂತಿ ಅಂದರೆ ಸುಮಾರು 100 ನ್ಯಾನೊಹೆನ್ರಿ, 7 ಮೆಗಾಹರ್ಟ್ಸ್‌ಗೆ ನಾಲ್ಕು ಓಮ್‌ಗಿಂತ ಜಾಸ್ತಿ. 12 ವೋಲ್ಟ್‌ನಲ್ಲಿ 5 ವಾಟ್ ತೆಗೆಯಲು ಡ್ರೇನ್ (ಔಟ್‌ಪುಟ್ ಕಾಲು) ನೋಡಬೇಕಾದ ಲೋಡ್ ಸುಮಾರು 14 ಓಮ್ ಮಾತ್ರ. ಅದರ ಮುಂದೆ ನಾಲ್ಕು ಸಣ್ಣದಲ್ಲ, ಅಲ್ವಾ? ಈ ಮಾಸ್‌ಫೆಟ್‌ಗೆ 7 ಮೆಗಾಹರ್ಟ್ಸ್‌ಗಿಂತ ಎಷ್ಟೋ ಮೇಲೂ ಗೇನ್ ಇದೆ. ಆ ತಂತಿಗಳು, ಒಳಗಿನ ಕೆಪ್ಯಾಸಿಟೆನ್ಸ್ ಎರಡೂ ಸೇರಿ ಅಲ್ಲೆಲ್ಲೋ ಆಸಿಲೇಷನ್ ಹುಟ್ಟುತ್ತದೆ. ಜೊತೆಗೆ ಅದರ ಲೋಹದ ಬೆನ್ನು ಡ್ರೇನ್‌ಗೇ ಸೇರಿದೆ. ಮೈಕಾ ಇಲ್ಲದ ಹೀಟ್‌ಸಿಂಕ್ ಆಂಟೆನಾ ಆಗಿ ಇನ್‌ಪುಟ್‌ಗೇ ಸಿಗ್ನಲ್ ಎಸೆಯುತ್ತಿದೆ.

ಸೋರ್ಸ್ ಕಾಲನ್ನು ಬುಡದಲ್ಲೇ ಬೋರ್ಡಿನ ಗ್ರೌಂಡಿಗೆ ಬೆಸುಗೆ ಹಾಕಿ. ಗೇಟಿನ ಪಕ್ಕದಲ್ಲೇ 10 ಓಮ್ ಸರಣಿಯಲ್ಲಿರಲಿ. ಮೈಕಾ ಹಾಕಿ, ಹೀಟ್‌ಸಿಂಕ್ ಅನ್ನು ಗ್ರೌಂಡ್ ಮಾಡಿ.

ಪುಣೆ_ಸೋಲ್ಡರ್:
ಇನ್ನೂ ಹಟ ಮಾಡಿದರೆ ಡ್ರೇನ್‌ನಿಂದ ಗೇಟ್‌ಗೆ 220 ಓಮ್ ಮತ್ತು 0.1 ಮೈಕ್ರೊಫ್ಯಾರಡ್ ಸರಣಿಯಲ್ಲಿ ಹಾಕಿ. ಗೇನ್ ಸ್ವಲ್ಪ ಇಳಿಯುತ್ತದೆ, ಆದರೆ ಸುಮ್ಮನಾಗುತ್ತದೆ.

ಡೊಂಬಿವಲಿ_ರೇಡಿಯೊ:
ಭಾನುವಾರ ಪೂರ್ತಿ ಕೂತು ಮತ್ತೆ ಕಟ್ಟಿದೆ. ಅರ್ಧ ಗಂಟೆಯಾದರೂ ಕರೆಂಟ್ 60ರ ಆಸುಪಾಸಿನಲ್ಲೇ ಇದೆ. ಬಲ್ಬ್ ತೆಗೆದು ಮೈಕ್‌ನಲ್ಲಿ ಸಿಳ್ಳೆ ಹಾಕಿದರೆ ಡಮ್ಮಿ ಲೋಡ್ ಮೇಲೆ 22 ವೋಲ್ಟ್ ಪೀಕ್. ಐದು ವಾಟ್‌ಗೆ ಹತ್ತಿರ! 220 ಓಮ್ ಬೇಕಾಗಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಇವತ್ತೇ ಆಂಟೆನಾ ಜೋಡಿಸಲಾ?

ಮಾಟುಂಗಾ_ತರಂಗ:
ಮೇಲಿನ ಫ್ರೀಕ್ವೆನ್ಸಿ ತಡೆಯುವ ಲೋ ಪಾಸ್ ಫಿಲ್ಟರ್ ಹಾಕಿದ ಮೇಲೆ. ಇಲ್ಲದಿದ್ದರೆ 14, 21 ಮೆಗಾಹರ್ಟ್ಸ್‌ನಲ್ಲೂ ನಿಮ್ಮ ದನಿಯ ಚೂರುಗಳು ಹೋಗುತ್ತವೆ. ಶನಿವಾರ ರಾತ್ರಿ ಕೇಳುತ್ತಿರುತ್ತೇನೆ, ಕರೆಯಿರಿ. 73 (ಹ್ಯಾಮ್‌ಗಳ ಶುಭ ಹಾರೈಕೆ).