ಅಪ್‌ಡೇಟ್: ಎಝಡ್ ಆಲ್ಕ್‌ಮಾರ್ ಪಟ್ಟಿಯಲ್ಲಿ 2019-20ರ ಚಾಂಪಿಯನ್ ಜಾಗ ಯಾಕೆ ಖಾಲಿ?

ನೆದರ್‌ಲ್ಯಾಂಡ್ಸ್‌ನ ಫುಟ್‌ಬಾಲ್ ಕ್ಲಬ್ ಎಝಡ್ ಆಲ್ಕ್‌ಮಾರ್‌ನ ಸೀಸನ್‌ವಾರು ಪಟ್ಟಿ ನೋಡುವಾಗ, 2019-20ರಲ್ಲಿ ಎರಡನೇ ಸ್ಥಾನ ಅಂತಿದೆ, ಆದರೆ ಚಾಂಪಿಯನ್ ಯಾರೂ ಇಲ್ಲ, ಯಾಕೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕಾರಣ ಕೋವಿಡ್. 2020ರ ಏಪ್ರಿಲ್‌ನಲ್ಲಿ ಡಚ್ ಫುಟ್‌ಬಾಲ್ ಸಂಸ್ಥೆ ಲೀಗ್ ಅನ್ನು ಅರ್ಧಕ್ಕೇ ನಿಲ್ಲಿಸಿತು. ಆಗ ಇನ್ನೊಂದು ಡಚ್ ಕ್ಲಬ್ ಅಯಾಕ್ಸ್ ಮತ್ತು ಎಝಡ್ ಎರಡಕ್ಕೂ 25 ಪಂದ್ಯಗಳಿಂದ 56 ಅಂಕ. ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲು ಕಳೆದರೆ ಬರುವ ಸಂಖ್ಯೆ) ಅಯಾಕ್ಸ್ ಮುಂದಿತ್ತು. ಆದರೆ ಆ ಸೀಸನ್‌ನಲ್ಲಿ ಎರಡು ಸಲ ಎದುರಾದಾಗಲೂ ಗೆದ್ದಿದ್ದು ಎಝಡ್! ಪ್ರಶಸ್ತಿ ಯಾರಿಗೂ ಕೊಡಲಿಲ್ಲ. ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ಅಯಾಕ್ಸ್ ನೇರವಾಗಿ ಹೋಯಿತು. ಎಝಡ್ ಅರ್ಹತಾ ಸುತ್ತು ಆಡಿ ಉಕ್ರೇನ್‌ನ ಡೈನಮೋ ಕೀವ್ ಎದುರು 2-0ಯಿಂದ ಸೋತಿತು. ಎರಡನೇ ಡಿವಿಜನ್‌ನಲ್ಲಿ ಮೊದಲಿದ್ದ ಕಾಂಬೂರ್‌ಗೆ ಬಡ್ತಿಯೂ ಸಿಗಲಿಲ್ಲ. ನನ್ನ ಪ್ರಕಾರ ಜಾಸ್ತಿ ಅನ್ಯಾಯ ಆಗಿದ್ದು ಅವರಿಗೇ.

ಇದನ್ನು ಹುಡುಕುತ್ತಾ ಹಿಂದಿನ ಸಾಲುಗಳಿಗೂ ಹೋದೆ. 2006-07ರ ಮುಂದೆ ಸುಮ್ನೆ '3' ಅಂತಿದೆ, ಅಂದರೆ ಮೂರನೇ ಸ್ಥಾನ. ಅದರ ಹಿಂದಿನ ಕಥೆ ಕೇಳಿ. ಕೊನೆಯ ದಿನದ ಪಂದ್ಯಗಳಿಗೆ ಮುಂಚೆ ಎಝಡ್, ಪಿಎಸ್‌ವಿ (ಮತ್ತೊಂದು ಡಚ್ ಕ್ಲಬ್), ಅಯಾಕ್ಸ್ ಮೂರಕ್ಕೂ ಸಮ ಅಂಕ, ಗೋಲು ವ್ಯತ್ಯಾಸದಲ್ಲಿ ಎಝಡ್ ಮೊದಲು. ಎಝಡ್‌ಗೆ ಎದುರಾಳಿ ಪಟ್ಟಿಯ ಕೆಳಭಾಗದಲ್ಲಿದ್ದ ಎಕ್ಸೆಲ್ಸಿಯರ್. ಶುರುವಿನಲ್ಲೇ ಎಝಡ್ ಗೋಲ್‌ಕೀಪರ್‌ಗೆ ರೆಡ್ ಕಾರ್ಡ್, ಕೊನೆಗೆ 3-2 ಸೋಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಲ್ವಾ? ಪಿಎಸ್‌ವಿ ಗೋಲು ವ್ಯತ್ಯಾಸದಲ್ಲಿ ಒಂದೇ ಒಂದು ಗೋಲಿನಿಂದ ಅಯಾಕ್ಸ್ ಅನ್ನು ಹಿಂದಿಕ್ಕಿ ಚಾಂಪಿಯನ್ ಆಯಿತು.

2008-09ರಲ್ಲಿ ಲೂಯಿ ವಾನ್ ಗಾಲ್ ಕೋಚ್ ಆಗಿದ್ದಾಗ ಮೊದಲ ಎರಡೂ ಪಂದ್ಯ ಸೋತ ಇದೇ ಎಝಡ್ ಲೀಗ್ ಗೆದ್ದಿತು. 1981ರ ನಂತರ ಅದೇ ಮೊದಲ ಪ್ರಶಸ್ತಿ. ಮುಂದೆ 1988 ಮತ್ತು 1997ರ ಹಿಂಬಡ್ತಿ (ಎಝಡ್ ಎರಡನೇ ಡಿವಿಜನ್‌ಗೆ ಇಳಿದ) ಸೀಸನ್‌ಗಳನ್ನು ನೋಡಬೇಕು.