ಸಹಾಯ ಬೇಕು: ವ್ಯಾನ್ ಗಾಗ್ ಕಿವಿ ಹೋಲಿಸುವಾಗ ಚಿತ್ರವನ್ನು ತಿರುಗಿಸಬೇಕೇ, ಬೇಡವೇ?

ಎಲ್ಲರಿಗೂ ನಮಸ್ಕಾರ. ಚಿತ್ರಕಲೆ ನನಗೆ ಹವ್ಯಾಸ ಮಾತ್ರ, ಪ್ರಶ್ನೆ ಬಾಲಿಶ ಎನಿಸಿದರೆ ಮನ್ನಿಸಿ.

ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗಾಗ್ 1887ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ಒಂದು ಪುಟ್ಟ ಚಿತ್ರವನ್ನು ಬಹುಕಾಲ ಸ್ವಚಿತ್ರ ಎಂದೇ ನಂಬಲಾಗಿತ್ತು. ಅದು ತಮ್ಮ ಥಿಯೋನ ಚಿತ್ರ ಎಂದು ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗಾಗ್ ಮ್ಯೂಸಿಯಂ 2011ರಲ್ಲಿ ಹೇಳಿತು. ಕಿವಿಯ ಆಕಾರವೂ ಒಂದು ಕಾರಣವಂತೆ. ಅಣ್ಣ ತಮ್ಮಂದಿರ ಮುಖ ಅಷ್ಟೊಂದು ಹೋಲುತ್ತಿದ್ದರೆ ಕಿವಿಯನ್ನಲ್ಲದೆ ಇನ್ನೇನನ್ನು ನೋಡುವುದು! ನಾನೂ ಹೋಲಿಸಿ ನೋಡೋಣವೆಂದು ಕುಳಿತೆ.

ಆ ಚಿತ್ರವನ್ನೂ ನಾಲ್ಕು ಸ್ವಚಿತ್ರಗಳನ್ನೂ ಒಂದೇ ಅಳತೆಗೆ ಮುದ್ರಿಸಿ, ಟ್ರೇಸಿಂಗ್ ಕಾಗದದಲ್ಲಿ ಕಿವಿ, ಮೂಗು, ಹುಬ್ಬುಗಳ ಗೆರೆ ತೆಗೆದೆ. ಮೂಗು ಏನನ್ನೂ ಹೇಳಲಿಲ್ಲ. ತೊಡಕು ಬಂದದ್ದು ಕಿವಿಯಲ್ಲಿ. ಸ್ವಚಿತ್ರವನ್ನು ಕನ್ನಡಿ ನೋಡಿ ಬರೆಯುವುದರಿಂದ ಎಡ ಬಲ ಅದಲುಬದಲಾಗುತ್ತದೆ. 1889ರ ಸ್ವಚಿತ್ರದಲ್ಲಿ ಬ್ಯಾಂಡೇಜು ಬಲಗಿವಿಗೆ ಇದ್ದಂತೆ ಕಂಡರೂ ಅವನು ಕೊಯ್ದುಕೊಂಡದ್ದು ಎಡಗಿವಿಯನ್ನು. ಹಾಗಾಗಿ ಸ್ವಚಿತ್ರಗಳನ್ನು ಮೊಬೈಲಿನಲ್ಲಿ ಎಡ ಬಲ ಬದಲಾಗುವಂತೆ ತಿರುಗಿಸಿಕೊಂಡೆ. ಆದರೆ ವಿವಾದದ ಚಿತ್ರವನ್ನು ಏನು ಮಾಡಲಿ? ಅದು ಥಿಯೋ ಆಗಿದ್ದರೆ ತಿರುಗಿಸಬಾರದು, ವಿನ್ಸೆಂಟ್ ಆಗಿದ್ದರೆ ತಿರುಗಿಸಲೇಬೇಕು. ಯಾರೆಂದು ತಿಳಿಯಲೆಂದೇ ಅಲ್ಲವೇ ನಾನು ಹೋಲಿಸುತ್ತಿರುವುದು? ಎರಡು ದಿನದಿಂದ ಇಲ್ಲೇ ಗಿರಕಿ ಹೊಡೆಯುತ್ತಿದ್ದೇನೆ. ಮನೆಯವರು ನನ್ನ ಕಿವಿಯನ್ನೇ ಅನುಮಾನದಿಂದ ನೋಡುತ್ತಿದ್ದಾರೆ.

ಭಾವಚಿತ್ರ ಬರೆಯುವವರು, ಕಲಾ ಇತಿಹಾಸ ಓದಿದವರು ದಯವಿಟ್ಟು ತಿಳಿಸಿ: ಇಂಥ ಚಿತ್ರವನ್ನು ಎರಡೂ ರೀತಿಯಲ್ಲಿ ಇಟ್ಟು ಪ್ರತ್ಯೇಕವಾಗಿ ಹೋಲಿಸಬೇಕೇ, ಅಥವಾ ಎಡ ಬಲದ ಗೊಡವೆಯಿಲ್ಲದೆ ಕಿವಿಯ ಆಕಾರವನ್ನಷ್ಟೇ ನೋಡಿದರೆ ಸಾಕೇ?