ಹತ್ತನೇ ಎಪಿಸೋಡ್ ದಾಟಿದ ಮೇಲೆ ಕೊರಿಯನ್ ಡ್ರಾಮಾಗಳು ಯಾಕೆ ಸೊರಗುತ್ತವೆ?

ಶರಾವತಿ_ತೀರ (ಪ್ರಶ್ನೆ)

ಕೊರಿಯನ್ ಡ್ರಾಮಾ ಬಗ್ಗೆ ಚೆನ್ನಾಗಿ ತಿಳಿದವರು ಸ್ವಲ್ಪ ಹೇಳಿ. ಮೊದಲ ನಾಲ್ಕು ಎಪಿಸೋಡ್‌ಗಳಲ್ಲಿ ಕಥೆ, ಮಾತು, ಕ್ಯಾಮೆರಾ ಎಲ್ಲ ಬಿಗಿಯಾಗಿರುತ್ತೆ. ಎಂಟರ ಹೊತ್ತಿಗೆ ಉಸಿರು ಬಿಗಿಹಿಡಿದು ನೋಡೋ ಹಾಗಿರುತ್ತೆ. ಹನ್ನೊಂದರಿಂದ ಜಗ್ಗಾಟ ಶುರು. ಕಂಡ ದೃಶ್ಯಗಳನ್ನೇ ಮತ್ತೆ ಫ್ಲ್ಯಾಶ್‌ಬ್ಯಾಕ್‌ನಲ್ಲಿ ತೋರಿಸ್ತಾರೆ, ನಾಯಕ ನಾಯಕಿ ಸುಮ್ಮನೆ ಕೂತು ಮಾತಾಡಿದ್ರೆ ಮುಗಿಯೋ ವಿಷಯಕ್ಕೆ ದೂರ ಆಗ್ತಾರೆ, 15ರಲ್ಲಿ "ಒಂದು ವರ್ಷದ ನಂತರ" ಅಂತ ಬರುತ್ತೆ, 16ರಲ್ಲಿ ಮತ್ತೆ ಒಂದಾಗ್ತಾರೆ. ಇಷ್ಟು ಒಳ್ಳೆಯ ನಟರು, ತಂತ್ರಜ್ಞರು ಇರೋ ಕಡೆ ಪದೇ ಪದೇ ಹೀಗಾಗೋಕೆ ಕಾರಣ ಏನು? ನೋಡೋಕೆ ಮೊದಲೇ ಇದನ್ನ ಪತ್ತೆ ಹಚ್ಚಬಹುದಾ?

ಜೊತೆಗೆ ಇನ್ನೊಂದು ಗೊಂದಲ. ಒಂದೇ ಡ್ರಾಮಾ ಒಂದು ಕಡೆ 16 ಎಪಿಸೋಡ್ ಅಂತಿದೆ, ಇನ್ನೊಂದು ಕಡೆ 32 ಅಂತಿದೆ. ಯಾವುದು ಪೂರ್ತಿ?

ಎಡಿಟ್_ಮೇಜು

ಮೊದಲು ಲೆಕ್ಕ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಟಿವಿಯ ಮಾಮೂಲಿ ಮಿನಿಸೀರೀಸ್ ವಾರಕ್ಕೆ ಎರಡು ದಿನ ಬರುತ್ತೆ: ಸೋಮ-ಮಂಗಳ, ಬುಧ-ಗುರು, ಶುಕ್ರ-ಶನಿ ಅಥವಾ ಶನಿ-ಭಾನು. ಎಪಿಸೋಡಿಗೆ 70 ನಿಮಿಷ ಹಿಡಿದ್ರೂ ವಾರಕ್ಕೆ 140 ನಿಮಿಷ. ಅಂದ್ರೆ ಎಂಟು ವಾರ ಬಿಡದೆ ವಾರಕ್ಕೊಂದು ಸಿನಿಮಾ ತೆಗೆದ ಹಾಗೆ. ವಾರದಲ್ಲಿ ಆರು ದಿನ ಶೂಟಿಂಗ್ ಇಟ್ಟುಕೊಂಡ್ರೆ ದಿನಕ್ಕೆ ಹೆಚ್ಚುಕಡಿಮೆ 23 ನಿಮಿಷ, ಅದೂ ಎಡಿಟ್ ಆದ ಮೇಲೆ ಉಳಿಯೋ ದೃಶ್ಯ, ಸಿದ್ಧವಾಗಬೇಕು. ಸಿನಿಮಾ ಸೆಟ್‌ನಲ್ಲಿ ದಿನಕ್ಕೆ ಎರಡು ಮೂರು ನಿಮಿಷ ಸಿಕ್ಕರೇ ದೊಡ್ಡದು.

ಹಳೆಯ ಪದ್ಧತಿಯಲ್ಲಿ ಪ್ರಸಾರ ಶುರುವಾಗುವಾಗ ಕೈಯಲ್ಲಿ ನಾಲ್ಕು ಎಪಿಸೋಡ್ ಇರ್ತಿತ್ತು ಅಂದುಕೊಳ್ಳಿ. ಆಮೇಲೆ ವಾರಕ್ಕೆ ಎರಡು ಖರ್ಚು. ಹೊಸದಾಗಿ ವಾರಕ್ಕೆ ಒಂದೂಕಾಲು ಮಾತ್ರ ತಯಾರಾದ್ರೆ ಆ ದಾಸ್ತಾನು ಐದು ವಾರಕ್ಕೆ ಬರಿದಾಗುತ್ತೆ. ಐದು ವಾರ ಅಂದ್ರೆ ಹತ್ತನೇ ಎಪಿಸೋಡ್. ನಿಮಗೆ ಹನ್ನೊಂದರಿಂದ ಕುಸಿತ ಕಾಣೋದು ಸುಮ್ಮನೆ ಅಲ್ಲ. ಅಲ್ಲಿಂದ ಮುಂದೆ ಸ್ಕ್ರಿಪ್ಟ್ ಪುಸ್ತಕವಾಗಿ ಬರಲ್ಲ, ಆ ದಿನಕ್ಕೆ ಬೇಕಾದ ಕೆಲವು ಹಾಳೆಗಳಷ್ಟೇ ಬರುತ್ತೆ. ಎರಡನೇ ನಿರ್ದೇಶಕರ ಕೈಗೆ ಬಿ ಟೀಮ್ ಕೊಟ್ಟು ಬೇರೆ ಜಾಗದಲ್ಲಿ ಏಕಕಾಲಕ್ಕೆ ಶೂಟ್ ಮಾಡಿಸ್ತಾರೆ. ನಟರು ಎರಡೂ ತಂಡಗಳ ಮಧ್ಯೆ ಓಡಾಡ್ತಾ ಕಾರಲ್ಲೇ ನಿದ್ದೆ ಮಾಡ್ತಾರೆ. ಬೆಳಿಗ್ಗೆ ತೆಗೆದದ್ದು ರಾತ್ರಿ ಪ್ರಸಾರ ಆಗಿರೋದೂ ಇದೆ.

ಈ ಒತ್ತಡ ಪರದೆಯ ಮೇಲೇ ಕಾಣುತ್ತೆ. ಫ್ಲ್ಯಾಶ್‌ಬ್ಯಾಕ್‌ಗೆ ಹೊಸ ಶೂಟಿಂಗ್ ಬೇಡ. ಇಬ್ಬರು ಕೂತು ಮಾತಾಡೋ ಕಾಫಿ ಅಂಗಡಿ, ಕಾರಿನ ಒಳಗಿನ ದೃಶ್ಯ, ಫೋನ್ ಮಾತು: ಇವಕ್ಕೆ ಜನ ಬೇಡ, ದೂರದ ಲೊಕೇಶನ್ ಬೇಡ. ಹಾಡು ಹಾಕಿ ನಿಧಾನಗತಿಯಲ್ಲಿ ನಡೆಸಿದ್ರೆ ಎರಡು ನಿಮಿಷ ತುಂಬುತ್ತೆ. ಯಾವುದಾದ್ರೂ ಡ್ರಾಮಾದ 3ನೇ ಮತ್ತು 13ನೇ ಎಪಿಸೋಡ್‌ಗಳಲ್ಲಿ ಎಷ್ಟು ಬೇರೆ ಬೇರೆ ಜಾಗ ಬಂತು ಅಂತ ಎಣಿಸಿ, ಹಣ ಮತ್ತು ಸಮಯ ಯಾವಾಗ ಮುಗೀತು ಅಂತ ಗೊತ್ತಾಗುತ್ತೆ.

ಇದರ ಅತಿ ಕೆಟ್ಟ ರೂಪ ಕಂಡದ್ದು 2017ರ ಡಿಸೆಂಬರ್ 24ರಂದು. ಟಿವಿಎನ್ ಚಾನೆಲ್‌ನ 'ಹ್ವಾಯುಗಿ' ಎರಡನೇ ಎಪಿಸೋಡ್ ಗ್ರಾಫಿಕ್ಸ್ ಮುಗಿಯದೆ ಪ್ರಸಾರವಾಯ್ತು. ನಟರನ್ನ ಎತ್ತಿ ಹಿಡಿದ ತಂತಿಗಳು ಹಾಗೇ ಕಾಣ್ತಿದ್ವು, ಮಧ್ಯದಲ್ಲೇ ಪ್ರಸಾರ ನಿಲ್ಲಿಸಿದ್ರು. ಅದಕ್ಕಿಂತ ಗಂಭೀರವಾದ ವಿಷಯ, ಅದೇ ಸೆಟ್‌ನಲ್ಲಿ ಕೆಲಸ ಮಾಡ್ತಿದ್ದ ಸಿಬ್ಬಂದಿಯೊಬ್ಬರು ಮೇಲಿಂದ ಬಿದ್ದು ತೀವ್ರವಾಗಿ ಗಾಯಗೊಂಡಿದ್ರು. ವೀಕ್ಷಕರು ನಗೋ ವಿಷಯ ಅಲ್ಲ ಅದು.

ಮುಂದೆ ವಾರಕ್ಕೆ 52 ಗಂಟೆ ಕೆಲಸದ ಮಿತಿ ಬಂತು. 2018ರ ಜುಲೈಯಲ್ಲಿ ದೊಡ್ಡ ಸಂಸ್ಥೆಗಳಿಗೆ, ಪ್ರಸಾರ ಕ್ಷೇತ್ರಕ್ಕೆ ಒಂದು ವರ್ಷ ತಡವಾಗಿ 2019ರಲ್ಲಿ. ಈಗ ಬಹುಪಾಲು ಶೂಟಿಂಗ್ ಪ್ರಸಾರಕ್ಕೆ ಮೊದಲೇ ಮುಗಿಸೋ ಕಡೆಗೆ ಉದ್ಯಮ ವಾಲಿದೆ. 2020ರ 'ಹಾಸ್ಪಿಟಲ್ ಪ್ಲೇಲಿಸ್ಟ್' ವಾರಕ್ಕೆ ಒಂದೇ ದಿನ, ಗುರುವಾರ, 12 ಎಪಿಸೋಡ್ ಮಾತ್ರ ಬಂತು. ಅದರಲ್ಲಿ ಕೊನೆ ತನಕ ಯಾರೂ ಸುಸ್ತಾದ ಹಾಗೆ ಕಾಣಲ್ಲ.

ಮಲ್ನಾಡ್_ಮಳೆ

ಎಡಿಟ್_ಮೇಜು ಅವರ ಲೆಕ್ಕ ಸರಿ, ಆದ್ರೆ ಎಲ್ಲಾ ತಪ್ಪನ್ನೂ ಶೂಟಿಂಗ್ ಮೇಲೆ ಹಾಕೋದನ್ನ ನಾನು ಒಪ್ಪಲ್ಲ. 2016ರಲ್ಲಿ ಇದರ ಪರೀಕ್ಷೆ ಆಗಿಹೋಗಿದೆ. ಚೀನಾದಲ್ಲಿ ಅದೇ ದಿನ ಬಿಡುಗಡೆ ಮಾಡ್ಬೇಕಾದ್ರೆ ಅಲ್ಲಿನ ಸೆನ್ಸಾರ್‌ಗೆ ಎಲ್ಲಾ ಎಪಿಸೋಡ್‌ಗಳನ್ನ ಮೊದಲೇ ಕೊಡಬೇಕಿತ್ತು, ಹಾಗಾಗಿ ಕೆಲವು ದೊಡ್ಡ ಡ್ರಾಮಾಗಳನ್ನ ಪೂರ್ತಿ ಮುಗಿಸಿಯೇ ಪ್ರಸಾರ ಮಾಡಿದ್ರು. 'ಡಿಸೆಂಡೆಂಟ್ಸ್ ಆಫ್ ದ ಸನ್' ಹಾಗೆ ಬಂದದ್ದು, ಕೊನೆಯ ಎಪಿಸೋಡ್ 38.8% ರೇಟಿಂಗ್ ಪಡೀತು. ಆದ್ರೂ ಅದರ ಆರನೇ ಎಪಿಸೋಡ್‌ನಿಂದ ಮುಂದೆ ನೋಡಿ: ಭೂಕಂಪ ಆಯ್ತು, ಆಮೇಲೆ ಸಾಂಕ್ರಾಮಿಕ, ಆಮೇಲೆ ಅಪಹರಣ. ಒಂದು ಆಪತ್ತು ಮುಗಿದ್ರೆ ಇನ್ನೊಂದು. ಸಮಯ ಬೇಕಾದಷ್ಟಿತ್ತು, ಕಥೆ ಇರ್ಲಿಲ್ಲ. ಅದೇ ವರ್ಷ 'ಅನ್‌ಕಂಟ್ರೋಲಬ್ಲಿ ಫಾಂಡ್' ಕೂಡ ಮೊದಲೇ ತಯಾರಾಗಿ ಬಂತು, ವಾರ ವಾರ ವೀಕ್ಷಕರನ್ನ ಕಳ್ಕೊಳ್ತಾ ಹೋಯ್ತು. ಮುಗಿದ ಡ್ರಾಮಾದಲ್ಲಿ ತಿದ್ದೋಕೆ ಏನೂ ಉಳಿದಿರಲ್ಲ.

ನಿಜವಾದ ಕಾರಣ ಕಥೆಯ ಗಾತ್ರ. 16 ಅನ್ನೋ ಸಂಖ್ಯೆ ಕಥೆಯಿಂದ ಹುಟ್ಟಿದ್ದಲ್ಲ, ಎಂಟು ವಾರದ ಸ್ಲಾಟ್‌ನಿಂದ ಹುಟ್ಟಿದ್ದು. 16 ಎಪಿಸೋಡ್ ಅಂದ್ರೆ 18 ಗಂಟೆಗೂ ಹೆಚ್ಚು. ಇಬ್ಬರ ಪ್ರೀತಿ ಒಂದನ್ನೇ ಇಟ್ಟುಕೊಂಡು ಅಷ್ಟು ಹೊತ್ತು ನಡೆಸೋಕೆ ಆಗಲ್ಲ. ಎಂಟರಲ್ಲಿ ಇಬ್ಬರೂ ಮನಸ್ಸು ಬಿಚ್ಚಿದ ಮೇಲೆ ಉಳಿದ ಎಂಟಕ್ಕೆ ಬರಹಗಾರರ ಹತ್ತಿರ ಇರೋದು ಅಡ್ಡಿ ಹುಟ್ಟಿಸೋ ಕೆಲಸ ಒಂದೇ. ಅದಕ್ಕೇ ಅಮ್ಮಂದಿರು ಹಣದ ಕವರ್ ಹಿಡ್ಕೊಂಡು ಬರ್ತಾರೆ, ಬಾಲ್ಯದ ರಹಸ್ಯ ಹೊರಬೀಳುತ್ತೆ, 14ರಲ್ಲಿ ಅಗಲಿಕೆ ಆಗುತ್ತೆ.

ಕುಸಿಯದ ಡ್ರಾಮಾಗಳನ್ನ ಪಕ್ಕಪಕ್ಕ ಇಟ್ಟು ನೋಡಿ. 'ಮಿಸೆಂಗ್' (2014, 20 ಎಪಿಸೋಡ್) ಕಚೇರಿಯ ಕಥೆ, ಪ್ರೇಮಕ್ಕೆ ಅಲ್ಲಿ ಜಾಗವೇ ಇಲ್ಲ. ಒಂದೊಂದು ವ್ಯವಹಾರ ಒಂದೊಂದು ಗಂಟು. 'ರಿಪ್ಲೈ 1988' 20 ಎಪಿಸೋಡ್ ಎಳೆದ್ರೂ ದಣಿಯಲ್ಲ, ಯಾಕಂದ್ರೆ ಸಿಯೋಲ್‌ನ ಸಂಗ್‌ಮುನ್-ದೊಂಗ್ ಓಣಿಯ ಒಂದೊಂದು ಮನೆಗೂ ಅದರದೇ ಕಥೆ ಇದೆ. ನಾಯಕಿಯ ಗಂಡ ಯಾರಾಗ್ತಾನೆ ಅನ್ನೋ ಒಗಟನ್ನ ತೆಗೆದುಹಾಕಿದ್ರೂ ಅದು ನಿಲ್ಲುತ್ತೆ. 'ವೆನ್ ದ ಕಮೀಲಿಯಾ ಬ್ಲೂಮ್ಸ್' (2019) ಪ್ರೇಮಕಥೆಯೇ, ಆದ್ರೆ ಅದರ ಕೆಳಗೆ ಕೊಲೆಗಾರನ ಹುಡುಕಾಟ ಇದೆ, ಪಕ್ಕದಲ್ಲಿ ತಾಯಿ-ಮಗಳ ಕಥೆ ಇದೆ. ಒಂದು ನಿಂತಾಗ ಇನ್ನೊಂದು ಎಳೆಯುತ್ತೆ. 'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ'ನಲ್ಲಿ ಒಂದು ಕೇಸ್ ಒಂದು ಅಥವಾ ಎರಡು ಎಪಿಸೋಡ್‌ಗೆ ಮುಗಿಯುತ್ತೆ. ಹಾಗಾಗಿ ನಾನು ಹೇಳೋದು: ಕಥೆಯ ಸಾರಾಂಶ ಓದಿದಾಗ ಇಬ್ಬರ ಹೆಸರು ಮಾತ್ರ ಕಂಡ್ರೆ ಎಚ್ಚರ. ಒಂದು ಊರು, ಒಂದು ಕಚೇರಿ, ಒಂದು ಓಣಿ ಕಂಡ್ರೆ ಧೈರ್ಯವಾಗಿ ಶುರು ಮಾಡಿ.

ರಾತ್ರಿಪಾಳಿ

16 ಮತ್ತು 32ರ ಗೊಂದಲಕ್ಕೆ ಉತ್ತರ. ಎರಡೂ ಪೂರ್ತಿಯೇ. ಕೇಬಲ್ ಚಾನೆಲ್‌ಗಳು ಕಾರ್ಯಕ್ರಮದ ಮಧ್ಯೆ ಜಾಹೀರಾತು ಹಾಕಬಹುದಿತ್ತು, ಕೇಬಲ್ ಅಲ್ಲದ ದೊಡ್ಡ ಚಾನೆಲ್‌ಗಳಾದ ಕೆಬಿಎಸ್, ಎಂಬಿಸಿ, ಎಸ್‌ಬಿಎಸ್‌ಗೆ ಆ ಅನುಮತಿ ಇರ್ಲಿಲ್ಲ. 2017ರ ಸುಮಾರಿಗೆ ಅವರು ಒಂದು ಎಪಿಸೋಡ್ ಅನ್ನ ಎರಡು ಭಾಗ ಮಾಡಿ, ಎರಡಕ್ಕೂ ಬೇರೆ ಸಂಖ್ಯೆ ಕೊಟ್ಟು, ನಡುವೆ ಜಾಹೀರಾತು ಸೇರಿಸೋಕೆ ಶುರು ಮಾಡಿದ್ರು. ಹೀಗೆ 70 ನಿಮಿಷದ 16, 35 ನಿಮಿಷದ 32 ಆಯ್ತು. 2021ರ ಜುಲೈಯಲ್ಲಿ ಅವರಿಗೂ ಮಧ್ಯದ ಜಾಹೀರಾತಿಗೆ ಅನುಮತಿ ಸಿಕ್ಕ ಮೇಲೆ ಈ ತುಂಡು ಮಾಡೋ ಅಗತ್ಯ ಹೋಯ್ತು. ನೀವು ನೋಡೋ ಕಡೆ ಒಂದು ಎಪಿಸೋಡ್ ಎಷ್ಟು ನಿಮಿಷ ಅಂತ ನೋಡಿ: 60-70 ಇದ್ರೆ ಜೋಡಿಸಿದ್ದು, 30-35 ಇದ್ರೆ ತುಂಡಾದದ್ದು. ತುಂಡಾದದ್ದನ್ನ ಎರಡೆರಡಾಗಿಯೇ ನೋಡಿ. ಬೆಸ ಸಂಖ್ಯೆಯ ಭಾಗದ ಕೊನೆ ಬರೀ ಜಾಹೀರಾತಿಗಾಗಿ ಕತ್ತರಿಸಿದ್ದು, ಅಲ್ಲಿ ನಿಲ್ಲಿಸಿದ್ರೆ ದೃಶ್ಯದ ನಡುವೆ ಎದ್ದು ಹೋದ ಹಾಗಾಗುತ್ತೆ.

ಹಾಗಂತ 50 ಎಪಿಸೋಡ್ ಅಂತ ಇದ್ರೆ ಅದು ತುಂಡು ಮಾಡಿದ್ದೇ ಅಂದ್ಕೋಬೇಡಿ. ಕೆಬಿಎಸ್2ರ ಶನಿ-ಭಾನುವಾರ ಸಂಜೆಯ ಕುಟುಂಬ ಡ್ರಾಮಾಗಳು ನಿಜಕ್ಕೂ 50ರ ಆಸುಪಾಸು ಇರ್ತವೆ. 100 ದಾಟಿದ್ರೆ ಅದು ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಅರ್ಧ ಗಂಟೆ ಬರೋ ಜಾತಿ. ಅತ್ತೆ, ಸೊಸೆ, ಅದಲು ಬದಲಾದ ಮಗು, ಆಸ್ತಿ ಎಲ್ಲ ಅದರಲ್ಲಿದೆ. ಕನ್ನಡದ ದಿನದ ಸೀರಿಯಲ್ ನೋಡುವವರಿಗೆ ಅಲ್ಲಿ ಹೊಸದೇನೂ ಕಾಣಲ್ಲ.

ಶರಾವತಿ_ತೀರ

ಇಬ್ಬರಿಗೂ, ರಾತ್ರಿಪಾಳಿ ಅವರಿಗೂ ಧನ್ಯವಾದ. ಹಾಗಾದ್ರೆ ಕೊನೆಯ ಎಪಿಸೋಡ್‌ಗಳಲ್ಲಿ ಇದ್ದಕ್ಕಿದ್ದ ಹಾಗೆ ಎಲ್ಲರೂ ಸ್ಯಾಂಡ್‌ವಿಚ್ ತಿನ್ನೋದು, ಮಸಾಜ್ ಕುರ್ಚಿಯಲ್ಲಿ ಕೂರೋದು ಹೆಚ್ಚಾಗೋದೂ ಇದಕ್ಕೇ ಸಂಬಂಧಿಸಿದ್ದಾ? ರೇಟಿಂಗ್ ನೋಡಿ ಆರಿಸಬಹುದಾ?

ಎಡಿಟ್_ಮೇಜು

ಸಂಬಂಧ ಇದೆ. ಚಾನೆಲ್ ಕೊಡೋ ಹಣ ಬಹಳ ಸಲ ನಿರ್ಮಾಣದ ಪೂರ್ತಿ ವೆಚ್ಚಕ್ಕೆ ಸಾಲಲ್ಲ, ಉಳಿದದ್ದನ್ನ ನಿರ್ಮಾಣ ಸಂಸ್ಥೆ ಹೊಂದಿಸಬೇಕು. ಕಥೆಯೊಳಗೇ ಸರಕು ತೋರಿಸೋ ಜಾಹೀರಾತಿಗೆ 2010ರಲ್ಲಿ ಕಾನೂನಿನ ಒಪ್ಪಿಗೆ ಸಿಕ್ತು. ಬ್ರ್ಯಾಂಡ್ ಪರದೆಯ ಕಾಲು ಭಾಗಕ್ಕಿಂತ ಹೆಚ್ಚು ಆವರಿಸಬಾರದು ಅಂತೆಲ್ಲ ಮಿತಿ ಇದೆ. ಹಣ ಕೊಡದ ಬ್ರ್ಯಾಂಡ್‌ನ ಹೆಸರನ್ನ ಟೇಪ್ ಅಂಟಿಸಿಯೋ ಮಬ್ಬು ಮಾಡಿಯೋ ಮರೆಸ್ತಾರೆ. ಒಪ್ಪಂದದಲ್ಲಿ ಇಷ್ಟು ಸಲ ತೋರಿಸಬೇಕು ಅಂತಿದ್ರೆ, ಕಥೆ ಬಿಗಿಯಾಗಿರೋ ಮೊದಲರ್ಧದಲ್ಲಿ ತುರುಕೋಕೆ ಜಾಗ ಇಲ್ಲದ್ದು ಕೊನೆಗೆ ರಾಶಿ ಬೀಳುತ್ತೆ. ಚಾರಿತ್ರಿಕ ಡ್ರಾಮಾದಲ್ಲಿ ಫ್ರಿಜ್ ಇಡೋಕೆ ಆಗಲ್ಲ, ವೇಷಭೂಷಣದ ಖರ್ಚೂ ಹೆಚ್ಚು, ಅದಕ್ಕೇ ಅವಕ್ಕೆ ಹಣ ಹೊಂದಿಸೋದು ಕಷ್ಟ. 2021ರಲ್ಲಿ 'ವಿನ್ಸೆಂಜೊ'ದ ಒಂದು ದೃಶ್ಯದಲ್ಲಿ ಚೀನಾದ ಕಂಪನಿಯ ದಿಢೀರ್ ಬಿಬಿಂಬಾಪ್ (ಕೊರಿಯಾದ್ದೇ ಆದ ಕಲಸಿದ ಅನ್ನ) ಬಂದಾಗ ಕೊರಿಯಾದ ವೀಕ್ಷಕರು ಎಷ್ಟು ಸಿಟ್ಟಾದರೆಂದ್ರೆ ಆ ದೃಶ್ಯವನ್ನೇ ಆಮೇಲೆ ತೆಗೆದುಹಾಕಿದ್ರು.

ನೆಟ್‌ಫ್ಲಿಕ್ಸ್ ತಾನೇ ಪೂರ್ತಿ ಹಣ ಹಾಕಿದ ಡ್ರಾಮಾಗಳಲ್ಲಿ ಈ ಒತ್ತಾಯ ಕಡಿಮೆ. ಅವು ಟಿವಿ ಪ್ರಸಾರದ ನಿಯಮಕ್ಕೂ ಒಳಪಡಲ್ಲ, ಹಾಗಾಗಿ ಚಾಕು, ಸಿಗರೇಟು ಮಬ್ಬು ಮಾಡೋದಿಲ್ಲ, ಉದ್ದವೂ ಕಥೆಗೆ ತಕ್ಕಂತೆ: 'ಕಿಂಗ್‌ಡಮ್' ಒಂದು ಸೀಸನ್‌ಗೆ 6 ಎಪಿಸೋಡ್, 'ಸ್ಕ್ವಿಡ್ ಗೇಮ್' ಮೊದಲ ಸೀಸನ್ 9.

ಮಲ್ನಾಡ್_ಮಳೆ

ರೇಟಿಂಗ್ ವಿಷಯ. ಒಂದೇ ಅಂಕಿ ನೋಡಬೇಡಿ, ಏರಿದ ದಾರಿ ನೋಡಿ. 'ಅಟಾರ್ನಿ ವೂ' 2022ರಲ್ಲಿ ಇಎನ್‌ಎ ಅನ್ನೋ ಹೆಚ್ಚು ಜನ ಕೇಳದ ಚಾನೆಲ್‌ನಲ್ಲಿ 0.9%ನಿಂದ ಶುರುವಾಗಿ 17.5%ಗೆ ಮುಗೀತು. 'ಸ್ಕೈ ಕ್ಯಾಸಲ್' 1.7%ನಿಂದ 23.8%ಗೆ. ನಟರ ಹೆಸರಿನಿಂದ ಇಂಥ ಏರಿಕೆ ಬರಲ್ಲ, ನೋಡಿದವರು ಇನ್ನೊಬ್ಬರಿಗೆ ಹೇಳಿದ್ದರಿಂದ ಬರುತ್ತೆ. ಆದ್ರೆ ಏರಿಕೆ ಕೊನೆಯ ಎಪಿಸೋಡ್‌ಗೆ ಗ್ಯಾರಂಟಿ ಅಲ್ಲ. 'ರಿಬಾರ್ನ್ ರಿಚ್' 26.9%ಗೆ ಮುಗಿದ್ರೂ, ಮೂಲ ಕಾದಂಬರಿ ಬಿಟ್ಟು ಬೇರೆ ದಾರಿ ಹಿಡಿದ ಅದರ ಅಂತ್ಯಕ್ಕೆ ಬಂದಷ್ಟು ಬೈಗುಳ ಬೇರೆ ಕೆಲವೇ ಡ್ರಾಮಾಗಳಿಗೆ ಬಂದಿದೆ. ಅಂತ್ಯ ಏನು ಅಂತ ಇಲ್ಲಿ ಹೇಳಲ್ಲ. ಇನ್ನು 'ಮೈ ಮಿಸ್ಟರ್' 8% ಕೂಡ ಮುಟ್ಟಲಿಲ್ಲ. ಅದಕ್ಕಿಂತ ಒಳ್ಳೆಯ ಕೊನೆ ಇರೋ ಕೊರಿಯನ್ ಡ್ರಾಮಾ ನನ್ನ ಪ್ರಕಾರ ಇಲ್ಲ.

ರೇಟಿಂಗ್‌ಗಿಂತ ನಂಬಬಹುದಾದದ್ದು ಬರೆದವರ ಹೆಸರು. ಅಲ್ಲಿ ಸಾಮಾನ್ಯವಾಗಿ ಇಡೀ ಡ್ರಾಮಾವನ್ನ ಒಬ್ಬರೇ ಬರೀತಾರೆ, ಪೋಸ್ಟರ್‌ನಲ್ಲೂ ಅವರ ಹೆಸರು ದೊಡ್ಡದಾಗಿರುತ್ತೆ. ಪಾರ್ಕ್ ಹೇ-ಯಂಗ್ ('ಮೈ ಮಿಸ್ಟರ್', 'ಮೈ ಲಿಬರೇಶನ್ ನೋಟ್ಸ್'), ಲಿಮ್ ಸಾಂಗ್-ಚುನ್ ('ಕಮೀಲಿಯಾ', 2025ರ 'ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರಿನ್ಸ್'), ನೋ ಹೀ-ಕ್ಯಂಗ್ ('ಅವರ್ ಬ್ಲೂಸ್'): ಈ ಮೂವರು ಕೊನೆಯನ್ನ ಮನಸ್ಸಲ್ಲಿಟ್ಟೇ ಮೊದಲ ಸಾಲು ಬರೀತಾರೆ ಅನ್ನೋ ಭಾವನೆ ಬರುತ್ತೆ. ನಿರ್ದೇಶಕರಲ್ಲಿ ಕಿಮ್ ವೊನ್-ಸೊಕ್. 'ಮಿಸೆಂಗ್', 'ಸಿಗ್ನಲ್', 'ಮೈ ಮಿಸ್ಟರ್', 'ಟ್ಯಾಂಜರಿನ್ಸ್' ನಾಲ್ಕೂ ಅವರದ್ದೇ, ಬರಹಗಾರರು ಮಾತ್ರ ನಾಲ್ಕು ಬೇರೆಯವರು.

ಶರಾವತಿ_ತೀರ

ಕೊನೇ ಪ್ರಶ್ನೆ. ಹೊಸ ಡ್ರಾಮಾ ಇನ್ನೂ ಬರ್ತಿರುವಾಗ ಎಷ್ಟು ಎಪಿಸೋಡ್ ನೋಡಿ ತೀರ್ಮಾನ ಮಾಡ್ಬೇಕು?

ಎಡಿಟ್_ಮೇಜು

ಮೊದಲ ಎರಡನ್ನ ನೋಡಿ ತೀರ್ಮಾನಿಸಬೇಡಿ. ವಿದೇಶದ ಲೊಕೇಶನ್, ಅಪಘಾತ, ಹೆಲಿಕಾಪ್ಟರ್ ಎಲ್ಲ ಖರ್ಚಾಗೋದು ಅಲ್ಲೇ. ಚಾನೆಲ್‌ಗೆ, ಜಾಹೀರಾತುದಾರರಿಗೆ ತೋರಿಸೋ ಸರಕು ಅದು. 5 ಮತ್ತು 6 ನೋಡಿ. ಪೋಷಕ ಪಾತ್ರಗಳಿಗೆ ನಾಯಕ ನಾಯಕಿ ಇಲ್ಲದ ದೃಶ್ಯಗಳು ಬಂದಿವೆಯಾ? ಹಿಂದಿನ ಎಪಿಸೋಡ್‌ನ ಫ್ಲ್ಯಾಶ್‌ಬ್ಯಾಕ್ ಒಂದೆರಡು ನಿಮಿಷ ದಾಟಿದೆಯಾ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂದ್ರೆ ಮುಂದುವರಿಸಿ.

ಮಲ್ನಾಡ್_ಮಳೆ

ಇದಕ್ಕೆ ಒಂದು ಸೇರಿಸ್ತೀನಿ. 'ಮೈ ಮಿಸ್ಟರ್' ಮೊದಲ ನಾಲ್ಕು ಎಪಿಸೋಡ್ ಕತ್ತಲೆ, ಚಳಿ, ಕ್ರೌರ್ಯ, ಯಾರೂ ನಗಲ್ಲ. ಅಲ್ಲಿಗೇ ಬಿಟ್ಟವರು ಬಹಳ ಜನ. ಅದನ್ನ ಮಾತ್ರ ಎಂಟರ ತನಕ ನೋಡಿ, ಆಮೇಲೂ ಹಿಡಿಸದಿದ್ರೆ ಬಿಡಿ. ದಿನಕ್ಕೆ ಒಂದೇ ಎಪಿಸೋಡ್ ಸಾಕು, ಒಟ್ಟಿಗೆ ನಾಲ್ಕು ನೋಡೋ ಡ್ರಾಮಾ ಅಲ್ಲ ಅದು.